ಕಲ್ಲಿನ ಹಿಟ್ಟು

ನಮ್ಮ ಮನೆಗೆ ಅಂಗಡಿಯಿಂದ ಹಿಟ್ಟು ಕೊಂಡು ತಂದದ್ದು ನನಗೆ ನೆನಪಿರುವ ಹಾಗೆ ಎರಡು ವರ್ಷದ ಹಿಂದೆ, ಮೊದಲ ಸಲ. ಒಂದು ಕೇಜಿ ರಾಗಿ ಹಿಟ್ಟಿನ ಪ್ಯಾಕೆಟ್ಟು ಹಿಡಿದುಕೊಂಡು ಬಿಲ್ಲಿನ ಸಾಲಿನಲ್ಲಿ ನಿಂತಿದ್ದೆ. ಹಿಂದೆ ನಿಂತಿದ್ದ ಹೆಂಗಸು ನಮ್ಮ ಗಿರಾಕಿಯೇ. "ಏನ್ ಯಜಮಾನ್ರೇ, ನೀವೂ ಪ್ಯಾಕೆಟ್ ಹಿಟ್ಟಿಗೆ ಬಂದ್ಬಿಟ್ರಾ?" ಎಂದು ನಕ್ಕರು. ನಗುವ ವಿಷಯವೇ. ಚಾಮರಾಜಪೇಟೆಯಲ್ಲಿ ಹಿಟ್ಟಿನ ಮಿಲ್ಲು ಇಟ್ಟುಕೊಂಡವನು ಹಿಟ್ಟು ಕೊಳ್ಳುತ್ತಾನೆಂದರೆ ಯಾರು ತಾನೇ ನಗುವುದಿಲ್ಲ? ನಾನು ಮಾತ್ರ, "ನಿಮ್ಮ ಕೆಲಸ ನೀವು ನೋಡ್ಕೊಳಿ" ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟೆ. ಅವತ್ತಿನಿಂದ ಅವರು ನಮ್ಮ ಮಿಲ್ಲಿನ ಕಡೆ ತಲೆ ಹಾಕಿಲ್ಲ.

ನನ್ನ ಬಾಯಿ ಸರಿಯಿಲ್ಲ ಅನ್ನುವುದು ನಮ್ಮ ಬೀದಿಗೆಲ್ಲ ಗೊತ್ತು. ಒಣಗದ ಅಕ್ಕಿ ತಂದರೆ ಬೈಯುತ್ತೇನೆ. ಕಲ್ಲು ಆರಿಸದೆ ರಾಗಿ ತಂದರೆ ಬೈಯುತ್ತೇನೆ. ಡಬ್ಬ ಇಟ್ಟು "ಐದೇ ನಿಮಿಷ" ಎಂದು ತರಕಾರಿಗೆ ಹೋದವರು ಮಧ್ಯಾಹ್ನ ಬಂದರೆ ಅವರನ್ನೂ ಬಿಡುವುದಿಲ್ಲ. ಆದರೂ ಜನ ಬರುತ್ತಾರೆ. ಯಾಕೆಂದರೆ ಕಲಬೆರಕೆ ನಮ್ಮಲ್ಲಿಲ್ಲ. ಕೊಟ್ಟಿದ್ದು ಅವರದೇ ಕಾಳು, ತೆಗೆದುಕೊಂಡು ಹೋಗುವುದು ಅವರದೇ ಹಿಟ್ಟು. ಇದನ್ನು ಎದೆ ತಟ್ಟಿಕೊಂಡು ಹೇಳುತ್ತಿದ್ದೆ. ಈಗ ಹೇಳುವುದಿಲ್ಲ.

ಮಾಗಡಿ ಕಡೆಯ ಹಳ್ಳಿಯಿಂದ ಬಂದ ನಮ್ಮಪ್ಪ ಹಾಕಿದ ಮಿಲ್ಲು ಇದು. ಬೀದಿಗೆ ಮಿಲ್ಲು, ಹಿಂದಕ್ಕೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲನ್ನು ಹಗಲು ಹೊತ್ತು ಮುಚ್ಚಿದ್ದೇ ಇಲ್ಲ. ಅಡುಗೆಮನೆಯ ಡಬ್ಬಗಳ ಮೇಲೆ, ದೇವರ ಪಟದ ಗಾಜಿನ ಮೇಲೆ, ತುಳಸಿ ಎಲೆಯ ಮೇಲೆ, ಎಲ್ಲೆಲ್ಲೂ ಒಂದು ತೆಳ್ಳನೆಯ ಬಿಳುಪು. ನಾವು ಅದನ್ನು ಧೂಳು ಅಂದವರಲ್ಲ. ನಮ್ಮಮ್ಮ ಅದನ್ನು ಲಕ್ಷ್ಮಿ ಅನ್ನುತ್ತಿದ್ದಳು. ಗುಡಿಸುವಾಗಲೂ ಅದಕ್ಕೆ ಕಾಲು ತಾಕಿಸುತ್ತಿರಲಿಲ್ಲ.

ನಮ್ಮ ಮನೆಯ ಊಟದ ಪದ್ಧತಿಯೊಂದನ್ನು ಇಲ್ಲಿ ಹೇಳಬೇಕು. ಬೀಸುವ ಮಿಷನ್ನಿನೊಳಗೆ ಎರಡು ಕಲ್ಲುಗಳಿರುತ್ತವೆ. ಒಂದು ನಿಂತಿರುತ್ತದೆ, ಇನ್ನೊಂದು ತಿರುಗುತ್ತದೆ. ಸಂಜೆ ಮೋಟಾರು ನಿಲ್ಲಿಸಿ ಮುಚ್ಚಳ ಬಿಚ್ಚಿದರೆ ಕಲ್ಲುಗಳ ಸುತ್ತ, ಮೂಲೆಗಳಲ್ಲಿ, ಒಂದಿಷ್ಟು ಹಿಟ್ಟು ಕೂತಿರುತ್ತದೆ. ಯಾರದೋ ಗೋಧಿ, ಯಾರದೋ ರಾಗಿ, ಯಾರದೋ ಜೋಳ, ಯಾರದೋ ಕಡಲೆ. ಅದನ್ನು ಯಾರಿಗೆಂದು ಕೊಡುವುದು? ನಮ್ಮಪ್ಪ ಅದನ್ನು ಕುಂಚದಿಂದ ಗುಡಿಸಿ, ಜರಡಿ ಹಿಡಿದು ಮನೆಗೆ ಕೊಡುತ್ತಿದ್ದ. ಅದೇ ಕಲ್ಲಿನ ಹಿಟ್ಟು. ಅದರದೇ ನಮ್ಮ ರಾತ್ರಿಯ ರೊಟ್ಟಿ. "ಮಿಲ್ಲಿನವರು ಮನೆಗೆ ಅಂತ ಹಿಟ್ಟು ಬೀಸ್ಕೊಬಾರದು, ಕೊಂಡ್ಕೊಳ್ಳಲೂಬಾರದು. ಕಲ್ಲು ಕೊಟ್ಟಿದ್ದು ತಿನ್ಬೇಕು" ಎನ್ನುತ್ತಿದ್ದ. ನೂರು ಮನೆಯ ಹಿಟ್ಟು ತಿಂದವರಿಗೆ ನೂರು ಮನೆಯ ಹಾರೈಕೆ ಅಂತ ಬೇರೆ. ಆ ರೊಟ್ಟಿಯ ರುಚಿ ದಿನಾ ಒಂದೊಂದು ಥರ. ಹಬ್ಬದ ಹಿಂದಿನ ದಿನ ಕಡಲೆ ವಾಸನೆ, ಉಳಿದ ದಿನ ಗೋಧಿಯ ಸಿಹಿ. ಅದನ್ನೇ ತಿಂದು ನಾನು ಬೆಳೆದೆ, ಮೂಟೆ ಹೊತ್ತೆ, ಒಂದು ದಿನವೂ ಮಲಗಲಿಲ್ಲ.

ಮದುವೆಯಾಗಿ ಹನ್ನೊಂದು ವರ್ಷಕ್ಕೆ ನಮಗೊಬ್ಬಳು ಮಗಳು ಹುಟ್ಟಿದಳು. ಅವಳ ಮೊದಲ ತುತ್ತೂ ಕಲ್ಲಿನ ಹಿಟ್ಟಿನ ಗಂಜಿಯೇ. ನಮ್ಮಮ್ಮ ಆಗ ಬದುಕಿದ್ದಳು. ಬೆಳ್ಳಿ ಒಳಲೆಯಲ್ಲಿ ಅವಳೇ ಕುಡಿಸಿದಳು. ಮಗು ಚಪ್ಪರಿಸಿಕೊಂಡು ಕುಡಿಯಿತು. "ನೋಡೋ, ಮಿಲ್ಲಿನ ಕೂಸು!" ಎಂದು ನಾವೆಲ್ಲ ನಕ್ಕೆವು.

ನಡೆಯಲು ಬಂದ ಮೇಲೆ ಸಂಜೆ ಅವಳಿಗೊಂದು ಕೆಲಸವಿತ್ತು. ಮಿಲ್ಲು ಮುಚ್ಚಿ ನಾನು ನಡುಬಾಗಿಲ ಹೊಸ್ತಿಲ ಮೇಲೆ ಕೂತರೆ, ಒದ್ದೆ ಬಟ್ಟೆ ತಂದು ನನ್ನ ಕಿವಿಯ ಹಿಟ್ಟು ಒರೆಸುವುದು. ಕಿವಿಯ ಸುರುಳಿಯೊಳಗೆಲ್ಲ ಪುಟ್ಟ ಬೆರಳು ತೂರಿಸಿ, "ಅಪ್ಪಾ, ನಿನ್ನ ಕಿವೀಲಿ ಎರಡು ರೊಟ್ಟಿಗಾಗೋಷ್ಟು ಹಿಟ್ಟಿದೆ" ಎನ್ನುವಳು. "ಹಾಗಾದ್ರೆ ತಟ್ಟು ಮತ್ತೆ" ಎಂದು ನಾನು. ಈ ಆಟಕ್ಕೆ ಕಾದುಕೊಂಡೇ ನನ್ನ ದಿನ ಮುಗಿಯುತ್ತಿತ್ತು.

ನಾಲ್ಕೈದು ವರ್ಷದ ಮೇಲೆ ಮಗು ಬೆಳೆಯುವುದನ್ನೇ ನಿಲ್ಲಿಸಿದ ಹಾಗಾಯಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿರುವುದು. ತಿಂದರೆ ಭೇದಿ, ತಿನ್ನದಿದ್ದರೆ ಸುಸ್ತು. ಎಂಟು ತುಂಬಿದಾಗ ಅವಳು ಸ್ಕೂಲಿನ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದಳು, ಅಷ್ಟು ಕುಳ್ಳಿ. ಮಿಲ್ಲಿಗೆ ಬಂದವರದು ಒಬ್ಬೊಬ್ಬರದು ಒಂದೊಂದು ವೈದ್ಯ. ಜಂತುಹುಳ ಅಂದರು, ಔಷಧಿ ಹಾಕಿಸಿದೆವು. ದೃಷ್ಟಿ ಅಂದರು, ಮೆಣಸಿನಕಾಯಿ ಸುಟ್ಟೆವು. ದರ್ಗಾದಲ್ಲಿ ತಾಯತ ಕಟ್ಟಿಸಿದೆವು, ಶನಿವಾರ ಎಳ್ಳೆಣ್ಣೆ ದೀಪ ಹಚ್ಚಿದೆವು. ಮೂರು ಡಾಕ್ಟರು ಟಾನಿಕ್ ಬರೆದರು. ಒಬ್ಬ ಮುದುಕಿ ನನ್ನೆದುರಿಗೇ, "ಊರಿಗೆಲ್ಲ ಹಿಟ್ಟು ಬೀಸಿಕೊಡ್ತಾನೆ, ಮಗಳಿಗೆ ಮಾತ್ರ ಊಟ ಹಾಕಲ್ವೇನೋ" ಎಂದಳು. ಅವಳನ್ನು ಮಿಲ್ಲಿನಿಂದ ಆಚೆಗೆ ಕಳಿಸಿದೆ. ಆಮೇಲೆ ಚೀಲಗಳ ಹಿಂದೆ ಹೋಗಿ ಕೂತು ಅತ್ತೆ.

ಊಟ ಹಾಕಲಿಲ್ಲವೇ? ಅಯ್ಯೋ ಶಿವನೇ! ಒಳ್ಳೆ ಗೋಧಿ ಬಂದರೆ ಗಿರಾಕಿಗಳ ಹತ್ತಿರ ಒಂದು ಸೇರು ಕೇಳಿ ಇಸಿದುಕೊಂಡು ನುಚ್ಚು ಒಡೆದು ಗಂಜಿ ಮಾಡಿಸುತ್ತಿದ್ದೆ. ತುಪ್ಪ ಹಾಕಿದ ಚಪಾತಿ ಸುರುಳಿ ಸುತ್ತಿ ಕೈಗೆ ಕೊಟ್ಟು, ಮುಗಿಯುವವರೆಗೆ ಎದುರಿಗೇ ಕೂರುತ್ತಿದ್ದೆ. "ಬೇಡಪ್ಪ, ಹೊಟ್ಟೆ ನೋಯುತ್ತೆ" ಎಂದರೆ, "ತಿಂದ್ರೆ ಶಕ್ತಿ ಬರುತ್ತೆ, ತಿನ್ನು" ಎಂದು ಗದರುತ್ತಿದ್ದೆ. ಅಳುತ್ತಲೇ ತಿನ್ನುತ್ತಿದ್ದಳು.

ಅವಳಿಗೆ ಒಂಬತ್ತಾದಾಗ ಒಬ್ಬ ಲೇಡಿ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಬಾಯಿಯಿಂದ ಸಣ್ಣ ಕೊಳವೆ ಬಿಡಿಸಿ ಕರುಳು ನೋಡಿಸಿ, ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು: "ನಿಮ್ಮ ಮಗಳಿಗೆ ಗೋಧಿ ಆಗಲ್ಲ. ಗೋಧಿ ಒಳಗೆ ಹೋದಾಗೆಲ್ಲ ಕರುಳು ಹಾಳಾಗ್ತಾ ಬರುತ್ತೆ. ಇದಕ್ಕೆ ಮಾತ್ರೆ ಇಲ್ಲ. ಜನ್ಮಪೂರ್ತಿ ಗೋಧಿ ಬಿಡಬೇಕು, ಅಷ್ಟೇ." ಆ ಕಾಯಿಲೆಯ ಹೆಸರು ಸೀಲಿಯಾಕ್ ಅಂತೆ. ನನ್ನ ನಾಲಿಗೆಗೆ ಅದು ಇಂದಿಗೂ ಸಲೀಸಾಗಿ ಹೊರಳುವುದಿಲ್ಲ, ಮಗಳು ಮಾತ್ರ ಸರಾಗವಾಗಿ ಹೇಳುತ್ತಾಳೆ.

"ತಪ್ಪು ನೋಡಿದೀರಾ ಮೇಡಂ" ಎಂದೆ ನಾನು. "ನಮ್ಮದು ಹಿಟ್ಟಿನ ಮಿಲ್ಲು. ಮೂರು ತಲೆಯಿಂದ ಗೋಧಿ ತಿಂತಿದೀವಿ. ನಮ್ಮ ವಂಶದಲ್ಲೇ ಇಲ್ಲ."

ನನ್ನ ಹೆಂಡತಿ ನನ್ನ ಮೊಣಕೈ ಚಿವುಟಿದಳು. "ರೀ, ಸುಮ್ನಿರಿ. ಮೇಡಂ, ಏನೇನು ಕೊಡಬಹುದು ಹೇಳಿ, ಬರ್ಕೋತೀನಿ" ಎಂದಳು. ರಾಗಿ, ಜೋಳ, ಅಕ್ಕಿ ಎಂದರು ಡಾಕ್ಟರು. ಮೈದಾ, ರವೆ, ಶ್ಯಾವಿಗೆ, ಬನ್ನು, ಬಿಸ್ಕತ್ತು ಯಾವುದೂ ಕೂಡದು. ನಾಲ್ಕು ತಿಂಗಳು ಬಿಟ್ಟು ಮತ್ತೆ ರಕ್ತ ನೋಡೋಣ ಎಂದರು.

ಮನೆಗೆ ಬರುವಷ್ಟರಲ್ಲಿ ನನಗೂ ಧೈರ್ಯ ಬಂದಿತ್ತು. ರಾಗಿ ತಾನೇ? ರಾಗಿ ತಿಂದವ ನಿರೋಗಿ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಿದರೇ? ಕಲ್ಲಿನ ಹಿಟ್ಟಿನ ರೊಟ್ಟಿಯನ್ನು ಅವಳಿಗೆ ಅವತ್ತೇ ನಿಲ್ಲಿಸಿದೆವು. ಅದರಲ್ಲಿ ಗೋಧಿ ಇರುತ್ತದೆ ಅನ್ನುವಷ್ಟು ಬುದ್ಧಿ ನನಗಿತ್ತು. ಅಪ್ಪನ ಕಟ್ಟಳೆ ಮೀರಿದರೂ ಸರಿ, ಅವಳ ರಾಗಿಯನ್ನು ನಾನೇ ಬೇರೆಯಾಗಿ ಬೀಸುತ್ತೇನೆ ಎಂದು ಹೆಂಡತಿಗೆ ಮಾತು ಕೊಟ್ಟೆ. ಒಳ್ಳೆ ರಾಗಿ ತರಿಸಿದೆ. ತೊಳೆದು, ಹಿತ್ತಲ ಬಿಸಿಲಲ್ಲಿ ಒಣಗಿಸಿ, ಒಂದೊಂದು ಕಾಳೂ ನೋಡಿ ಆರಿಸಿದೆ.

ಇನ್ನು ಬೀಸುವ ಕ್ರಮ. ಬಾಣಂತಿಯರ ಮನೆಯಿಂದ ಮಗುವಿನ ರಾಗಿ ಸರಿಗೆ ಕಾಳು ಬಂದರೆ ನಮ್ಮಲ್ಲಿ ಮೊದಲು ಕಲ್ಲು ಒರೆಸುತ್ತೇವೆ. ಹಿಂದೆ ಬೀಸಿದ ಕಡಲೆಯ ಜಿಡ್ಡು, ಜೋಳದ ತರಿ, ಏನಿದ್ದರೂ ಹೋಗಲಿ ಎಂದು ಎರಡು ಹಿಡಿ ಒಣ ಬೂಸ ಹಾಕಿ ಮಿಷನ್ನು ಓಡಿಸುತ್ತೇವೆ. ಗೋಧಿ ಸಿಪ್ಪೆಯ ಬೂಸ, ದನಕ್ಕೆ ಹಾಕುವುದು. ಅದು ಒರಟು, ಒಣಕಲು. ಕಲ್ಲಿನ ಗೀರುಗಳಲ್ಲಿ ಕೂತಿದ್ದನ್ನೆಲ್ಲ ಎಳೆದುಕೊಂಡು ಆಚೆ ಬರುತ್ತದೆ. ಆಮೇಲೆ ಬೀಸಿದ ಹಿಟ್ಟು ಹೂವಿನ ಹಾಗಿರುತ್ತದೆ. ಇದು ನಮ್ಮಪ್ಪ ಕಲಿಸಿದ್ದು. ಬೇರೆ ಮಿಲ್ಲಿನವರು ಇಷ್ಟು ಕಷ್ಟ ಪಡುವುದಿಲ್ಲ. ಅದಕ್ಕೇ ಬಸವನಗುಡಿಯಿಂದಲೂ ಬಾಣಂತಿಯರ ಮನೆಯವರು ನಮ್ಮಲ್ಲಿಗೆ ಬರುತ್ತಿದ್ದರು. ಮಂಗಳವಾರ ಮಿಲ್ಲಿಗೆ ರಜೆ. ಪ್ರತಿ ಮಂಗಳವಾರ ಬೆಳಿಗ್ಗೆ ಸ್ನಾನ ಮಾಡಿ, ಮಿಷನ್ನಿಗೆ ಕುಂಕುಮ ಇಟ್ಟು, ನನ್ನ ಮಗಳಿಗಾಗಿ ಕಲ್ಲು ಒರೆಸುತ್ತಿದ್ದೆ. ಬೇರೆಯವರ ಮಕ್ಕಳಿಗೆ ಎರಡು ಹಿಡಿ ಬೂಸ. ನನ್ನ ಮಗಳಿಗೆ ನಾಲ್ಕು ಹಿಡಿ.

ಓದುವವರು ಈಗ ತಲೆ ಚಚ್ಚಿಕೊಳ್ಳುತ್ತಿರಬಹುದು. ನಾನೂ ಚಚ್ಚಿಕೊಂಡಿದ್ದೇನೆ. ಆದರೆ ಬೂಸ ಅನ್ನುವುದು ನನಗೆ ಪೊರಕೆಯಿದ್ದ ಹಾಗೆ. ಮನೆ ಗುಡಿಸುವ ಪೊರಕೆಯನ್ನು ಯಾರಾದರೂ ಊಟದ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಯೇ? ಗೋಧಿ ತಿನ್ನಬಾರದು ಎಂದರು, ಚಪಾತಿ ಬಿಡಿಸಿದೆ. ಕಲ್ಲು ಚೊಕ್ಕಟ ಮಾಡುವುದೂ ಒಂದು ತಿನ್ನಿಸುವುದೇ ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೊದಲ ತಿಂಗಳು ಮಗು ಸ್ವಲ್ಪ ಚೇತರಿಸಿಕೊಂಡಳು. ಆಮೇಲೆ ನಿಂತುಹೋಯಿತು. ಮೂರನೇ ತಿಂಗಳು ಬಾಯಿ ಹುಣ್ಣು, ಮತ್ತೆ ಭೇದಿ. ನಾಲ್ಕು ತಿಂಗಳಿಗೆ ರಕ್ತ ನೋಡಿದರು. ಇಳಿಯಬೇಕಾದದ್ದು ಇಳಿದೇ ಇರಲಿಲ್ಲ. ಡಾಕ್ಟರು ಹೆಂಡತಿಗೆ ಫೋನು ಮಾಡಿ, "ಸ್ಕೂಲಲ್ಲಿ ಏನಾದ್ರೂ ಕದ್ದು ತಿಂತಿದಾಳಾ ನೋಡಿ. ಮಕ್ಕಳು ಹಾಗೆ ಮಾಡ್ತಾರೆ. ನಾಳೆ ಬನ್ನಿ, ಮಾತಾಡೋಣ" ಎಂದರು.

ನನ್ನ ಕೋಪ ನೆತ್ತಿಗೇರಿತು. ನಾನು ಇಲ್ಲಿ ಕಾಳು ಕಾಳು ಆರಿಸಿ ಸಾಯುತ್ತಿದ್ದೇನೆ, ಇವಳು ಅಲ್ಲಿ ಬಿಸ್ಕತ್ತು ತಿನ್ನುತ್ತಿದ್ದಾಳೆ! ಸ್ಕೂಲಿನಿಂದ ಬಂದವಳ ಬ್ಯಾಗನ್ನು ಹೊಸ್ತಿಲ ಮೇಲೆ ಕವುಚಿ ಹಾಕಿದೆ. ಪುಸ್ತಕ, ಕಂಪಾಸ್ ಡಬ್ಬಿ, ರಾಗಿ ರೊಟ್ಟಿ ತಿಂದು ತೊಳೆದಿಟ್ಟ ಟಿಫನ್ ಡಬ್ಬಿ. ಬೇರೇನೂ ಇರಲಿಲ್ಲ. ಅದರಿಂದ ಕೋಪ ಇನ್ನೂ ಜಾಸ್ತಿಯಾಯಿತು.

"ನಿಜ ಹೇಳು. ಯಾರ ಹತ್ರ ಇಸ್ಕೊಂಡು ತಿಂತೀಯಾ?"

"ಏನೂ ತಿನ್ನಲ್ಲಪ್ಪ."

"ಸುಳ್ಳು ಹೇಳ್ತೀಯಾ?"

"ಇಲ್ಲಪ್ಪ. ಬರ್ತ್‌ಡೇ ಕೇಕ್ ಕೊಟ್ರೂ ನಾನು ತಿನ್ನಲಿಲ್ಲ. ಮಿಸ್ಸನ್ನ ಕೇಳು ಬೇಕಾದ್ರೆ."

ಕೆನ್ನೆಗೆ ಹೊಡೆದೆ. ಒಂದಲ್ಲ, ಎರಡು. ನನ್ನ ಕೈ ಮೂಟೆ ಎತ್ತುವ ಕೈ. ಅವಳು ಅಳಲಿಲ್ಲ, ಕೆನ್ನೆ ಹಿಡಿದುಕೊಂಡು, ಚೆಲ್ಲಿದ್ದ ಪುಸ್ತಕಗಳನ್ನು ಒಂದೊಂದಾಗಿ ಬ್ಯಾಗಿಗೆ ತುಂಬಿಕೊಂಡಳು. ಅವಳ ಕೆನ್ನೆಯ ಮೇಲೆ ನನ್ನ ಬೆರಳುಗಳು ಬಿಳಿಯದಾಗಿ, ಹಿಟ್ಟಿನಲ್ಲಿ ಮೂಡಿದ್ದವು. ಅವತ್ತು ಸಂಜೆ ನಾನು ಹೊಸ್ತಿಲ ಮೇಲೆ ಕೂತೆ. ಒದ್ದೆ ಬಟ್ಟೆ ಬರಲಿಲ್ಲ.

ಮರುದಿನ ಡಾಕ್ಟರು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಬೆಳಿಗ್ಗೆ ಏನು, ಮಧ್ಯಾಹ್ನ ಏನು, ಎಣ್ಣೆ ಯಾವುದು, ಇಂಗು ಯಾವುದು. ಕೊನೆಗೆ, "ರಾಗಿ ಹಿಟ್ಟು ಎಲ್ಲಿಂದ ತರ್ತೀರಾ?" ಎಂದರು.

ನನಗೆ ಹೇಳಲು ಸಿಕ್ಕಿದ್ದೇ ಸಾಕಾಯಿತು. ಬೆನ್ನು ನೆಟ್ಟಗೆ ಮಾಡಿ ಕೂತೆ. "ತರೋ ಮಾತೇ ಇಲ್ಲ ಮೇಡಂ, ನಮ್ಮ ಮಿಷನ್ನಲ್ಲೇ ಬೀಸ್ತೀನಿ. ಅದೂ ಹಾಗೇ ಅಲ್ಲ, ಪ್ರತಿ ಸಲ ಕಲ್ಲು ಒರೆಸಿಯೇ ಬೀಸೋದು. ಬೆಂಗಳೂರಲ್ಲಿ ಯಾವನೂ ಮಾಡಲ್ಲ" ಎಂದು ಆರಿಸುವುದರಿಂದ ಹಿಡಿದು ಕುಂಕುಮ ಇಡುವವರೆಗೆ ವಿವರಿಸಿದೆ. "ಬೇರೆಯವರಿಗೆ ಎರಡು ಹಿಡಿ ಬೂಸ ಹಾಕಿದ್ರೆ ಇವಳಿಗೆ ನಾಲ್ಕು ಹಾಕ್ತೀನಿ."

"ಯಾವ ಬೂಸ?" ಎಂದರು ಡಾಕ್ಟರು.

"ಇನ್ಯಾವುದು ಮೇಡಂ, ಗೋಧಿದೇ."

ಅದು ನನ್ನ ಬಾಯಿಂದ ಹೊರಗೆ ಬಂದು ನನ್ನ ಕಿವಿಗೇ ಬಿತ್ತು. ಡಾಕ್ಟರು ಪೆನ್ನು ಕೆಳಗಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡುತ್ತಿದ್ದೆ. ನನ್ನ ಹೆಂಡತಿ ನನ್ನ ಕಡೆ ತಿರುಗಲಿಲ್ಲ. ಪಕ್ಕದಲ್ಲಿ ಮಗಳು ಕೂತಿದ್ದಳು, ಕೆನ್ನೆ ಇನ್ನೂ ಸ್ವಲ್ಪ ಊದಿತ್ತು. ಅವಳು ಮಾತ್ರ ನನ್ನನ್ನೇ ನೋಡುತ್ತಿದ್ದಳು. ಬೇಲಿಯೇ ಎದ್ದು ಹೊಲ ಮೇಯಿತು ಅನ್ನುತ್ತಾರಲ್ಲ, ಆ ಬೇಲಿ ನಾನು. ಮಗಳಿಗೆ ಅಲ್ಲೇ ಒಂದು ಮಾತು ಹೇಳಬೇಕಿತ್ತು. ಹೇಳದೆ ಎದ್ದುಬಂದೆ.

ಅವತ್ತು ಸಂಜೆ ಕೊಂಡದ್ದೇ ಆ ಪ್ಯಾಕೆಟ್ಟು. ಗೋಧಿ ಸೋಂಕದ ಕಡೆ ತಯಾರಾದದ್ದು ಎಂದು ಮೇಲೆ ಬರೆದಿರಬೇಕು, ಅಂಥದ್ದನ್ನೇ ತನ್ನಿ ಎಂದಿದ್ದರು ಡಾಕ್ಟರು. ಅಷ್ಟಕ್ಕೇ ಮುಗಿಯಲಿಲ್ಲ. "ಮನೆ ಮಿಲ್ಲಿನ ಹಿಂದೆಯೇ ಇದೆಯಾ? ಗಾಳೀಲಿರೋ ಹಿಟ್ಟು ತಟ್ಟೆ ಮೇಲೆ ಕೂರುತ್ತೆ, ನೀರಿಗೆ ಬೀಳುತ್ತೆ, ಉಸಿರಾಡಿದ್ದು ಗಂಟಲಿಗಿಳಿಯುತ್ತೆ. ಇವಳಿಗೆ ಅಷ್ಟೇ ಸಾಕು" ಎಂದೂ ಅಂದಿದ್ದರು.

ಹಾಗಾಗಿ ಲಕ್ಷ್ಮಿಯ ಮೇಲೆ ಯುದ್ಧ ಶುರುವಾಯಿತು. ನಡುಬಾಗಿಲನ್ನು ಮುಚ್ಚಿ, ಸಂದುಗಳಿಗೆ ಬಟ್ಟೆ ತುರುಕಿ, ಮೇಲೆ ದಪ್ಪ ಪ್ಲಾಸ್ಟಿಕ್ಕು ಹೊಡೆದೆ. ಮನೆಗೆ ಸುಣ್ಣ ಹೊಡೆಸಿದೆ. ಪಾತ್ರೆ ಪಗಡೆ ಎಲ್ಲ ಹೊಸದು ತಂದೆವು. ನನ್ನ ಹೆಂಡತಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಿನಕ್ಕೆ ಮೂರು ಸಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದಳು. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನ ಬೆರಳಿಟ್ಟರೆ ಬಿಳುಪು. ಹೆಂಚಿನ ಸಂದಿನಿಂದ ಬರುತ್ತಿತ್ತು, ಕಿಟಕಿಯಿಂದ ಬರುತ್ತಿತ್ತು, ನನ್ನ ಮೈಮೇಲೆಯೇ ಬರುತ್ತಿತ್ತು. ಒಂದು ದಿನ ಅವಳು ಬಟ್ಟೆ ಬಿಸಾಡಿ ನೆಲದ ಮೇಲೆ ಕೂತುಬಿಟ್ಟಳು. "ನನ್ನ ಕೈಲಾಗಲ್ಲ ರೀ. ಇದು ಮನೆಯಲ್ಲ, ಜರಡಿ" ಎಂದಳು.

ಗೋಧಿ ಬೀಸುವುದನ್ನೇ ಬಿಟ್ಟುಬಿಡುತ್ತೇನೆ ಎಂದು ಹೊರಟೆ. "ಇಲ್ಲಿ ಗೋಧಿ ಬೀಸುವುದಿಲ್ಲ" ಎಂದು ಬೋರ್ಡು ಹಾಕಿದೆ. ಜನ ನಿಂತು ಓದಿ, "ಏನ್ ಗುರು, ಹೋಟ್ಲಲ್ಲಿ ಕಾಫಿ ಇಲ್ಲ ಅಂದಂಗಾಯ್ತು" ಎಂದು ನಗುತ್ತಾ ಮುಂದಿನ ಬೀದಿಯ ಮಿಲ್ಲಿಗೆ ಹೋದರು. ಗೋಧಿಗೆ ಬಂದವರೇ ರಾಗಿಯನ್ನೂ ತರುವವರು. ಗೋಧಿ ಹೋದ ಮೇಲೆ ರಾಗಿಯೂ ಹೋಯಿತು. ಇಡೀ ದಿನ ಮೋಟಾರು ಹಾಕದೆ ಕೂತೆ. ಒಂದು ತಿಂಗಳಾಗುವಷ್ಟರಲ್ಲಿ ಸ್ಕೂಲಿನವರು ಫೀಸಿಗೆ ಫೋನು ಮಾಡಿದರು, ಆಸ್ಪತ್ರೆಗೆ ಮತ್ತೆ ಹೋಗಬೇಕಿತ್ತು. ಬೋರ್ಡು ನಾನೇ ಕಿತ್ತೆ. ನನಗೆ ಬೇರೆ ಕೆಲಸ ಬರುವುದಿಲ್ಲ. ಮಾರೋಣವೆಂದರೆ ಕಲ್ಲಿನ ಮಿಷನ್ನು ಯಾರಿಗೆ ಬೇಕು? ಕೇಳಲು ಬಂದವರು ಕಬ್ಬಿಣದ ತೂಕಕ್ಕೆ ಕೇಳಿದರು. ಅವಳನ್ನು ಕಾಯಿಲೆಗೆ ಕೆಡವಿದ್ದೂ ಈ ಮಿಲ್ಲೇ, ಅವಳಿಗೆ ಔಷಧಿ, ಅನ್ನ, ಪುಸ್ತಕ ಕೊಡಬೇಕಾದದ್ದೂ ಈ ಮಿಲ್ಲೇ. ಇದಕ್ಕೇನು ಮಾಡುವುದೆಂದು ನನಗೆ ಯಾರೂ ಹೇಳಿಕೊಡಲಿಲ್ಲ.

ಕೊನೆಗೆ ದಾರಿ ಹುಡುಕಿದವಳು ಹೆಂಡತಿಯೇ. ಅವಳ ಅಕ್ಕನ ಮನೆ ತ್ಯಾಗರಾಜನಗರದಲ್ಲಿ. ಅಕ್ಕನಿಗೆ ಮಕ್ಕಳಿಲ್ಲ, ಗಂಡ ತೀರಿಕೊಂಡಿದ್ದಾರೆ, ಮಹಡಿಯಲ್ಲಿ ಎರಡು ರೂಮು ಖಾಲಿ. "ಅಕ್ಕ ತಾನೂ ಗೋಧಿ ಬಿಡ್ತೀನಿ ಅಂದಿದಾಳೆ. ಮಗೂನ ಅಲ್ಲಿಡೋಣ, ನಾನೂ ಅವಳ ಜೊತೆಗೇ ಇರ್ತೀನಿ. ನೀವು..." ಎಂದು ನಿಲ್ಲಿಸಿದಳು. ನಾನು ಎಂದರೆ ಮೈತುಂಬ ಹಿಟ್ಟು. ಸಂಜೆ ಸಂಜೆ ಆ ಮನೆಗೆ ಹೋಗಿ ಮಲಗಿದರೆ ಬಿಟ್ಟು ಬಂದದ್ದನ್ನೇ ಹೊತ್ತುಕೊಂಡು ಹೋದಂತೆ. "ನಾನು ಇಲ್ಲೇ ಇರ್ತೀನಿ ಕಣೇ" ಎಂದೆ. ಆಟೋದಲ್ಲಿ ಕೂತ ಮಗಳು ಕೈ ಬೀಸಿದಳು. ನಾನು ಮಿಲ್ಲಿನ ಬಾಗಿಲಲ್ಲೇ ನಿಂತಿದ್ದೆ, ಹತ್ತಿರ ಹೋಗಲಿಲ್ಲ.

ಅವಳು ಅಲ್ಲಿ ಚಿಗುರಿಬಿಟ್ಟಳು. ಮೂರು ತಿಂಗಳಿಗೆ ಕೆನ್ನೆ ತುಂಬಿತು. ಆರು ತಿಂಗಳಿಗೆ ಯೂನಿಫಾರಂ ಗಿಡ್ಡವಾಯಿತು. ರಕ್ತದಲ್ಲಿ ಇಳಿಯಬೇಕಾದ್ದೆಲ್ಲ ಇಳಿಯಿತು. ಈಗ ಸಾಲಿನಲ್ಲಿ ನಡುವೆ ನಿಲ್ಲುತ್ತಾಳಂತೆ. ಎಷ್ಟು ಸಂತೋಷವೆಂದರೆ ಫೋನಿನಲ್ಲಿ ಅವಳ ಫೋಟೋ ನೋಡಿ ಮಿಲ್ಲಿನಲ್ಲಿ ಒಬ್ಬನೇ ನಗುತ್ತೇನೆ. ಆಮೇಲೆ ಇನ್ನೊಂದು ಯೋಚನೆ ಬರುತ್ತದೆ: ನನ್ನಿಂದ ದೂರ ಹೋದದ್ದೊಂದೇ ಅವಳಿಗೆ ಹತ್ತಿದ ಔಷಧಿ. ಅದು ಬಂದ ದಿನ ಊಟ ಸೇರುವುದಿಲ್ಲ. ಸೇರಿದ ದಿನ ಕಲ್ಲಿನ ಹಿಟ್ಟಿನಲ್ಲಿ ನಾನೇ ಒಂದು ರೊಟ್ಟಿ ತಟ್ಟಿಕೊಳ್ಳುತ್ತೇನೆ, ದಪ್ಪಕ್ಕೆ, ಅಂಚು ಹರಿದದ್ದು.

ಮಂಗಳವಾರ ಮಂಗಳವಾರ ಅವಳನ್ನು ನೋಡಲು ಹೋಗುತ್ತೇನೆ. ಇಲ್ಲಿ ಒಂದು ಸ್ನಾನ. ಅಲ್ಲಿ ಹಿತ್ತಲ ಬಚ್ಚಲಲ್ಲಿ ಇನ್ನೊಂದು. ಹಾಕಿಕೊಂಡು ಹೋದ ಬಟ್ಟೆ ಚೀಲದಲ್ಲಿ ಕಟ್ಟಿಟ್ಟು, ಅಲ್ಲೇ ಇಟ್ಟಿರುವ ಪಂಚೆ, ಅಂಗಿ ತೊಟ್ಟು ಒಳಗೆ ಹೋಗಬೇಕು. ಮೊದಲು ನಮ್ಮಜ್ಜಿಯ ಮಡಿ ನೋಡಿ ನಗುತ್ತಿದ್ದವನು ನಾನು.

ಆ ಏಟಿನ ಮಾತನ್ನು ನಾವಿಬ್ಬರೂ ಎತ್ತಿರಲಿಲ್ಲ. ಅವಳು ಮರೆತಿದ್ದಾಳೆ ಎಂದುಕೊಂಡಿದ್ದೆ. ಮಕ್ಕಳು ಮರೆಯುತ್ತಾರೆ ಅನ್ನುತ್ತಾರಲ್ಲ, ಅದನ್ನು ನಂಬಿಕೊಳ್ಳುವುದು ನನಗೂ ಅನುಕೂಲವಾಗಿತ್ತು.

ಹೋದ ತಿಂಗಳು ಒಂದು ಮಂಗಳವಾರ ಬಸ್ಸು ತಡವಾಯಿತು. ಅವಳು ಮಧ್ಯಾಹ್ನದ ಊಟಕ್ಕೆ ನನಗಾಗಿ ಕಾದಿದ್ದಳು. ತಾನೇ ಮೊದಲ ಸಲ ರಾಗಿ ರೊಟ್ಟಿ ತಟ್ಟಿದ್ದಳಂತೆ. ನಾನು ಅವಸರದಲ್ಲಿ ಸ್ನಾನ ಮುಗಿಸಿ ಬಂದು ಚಾಪೆಯ ಮೇಲೆ ಕೂತೆ. ಅವಳು ತಟ್ಟೆ ಇಟ್ಟು, ನನ್ನನ್ನು ನೋಡಿ, ಹಳೆಯ ನಗು ನಕ್ಕಳು. "ಅಪ್ಪಾ, ಕಿವೀಲಿ ಹಿಟ್ಟಿದೆ!" ಎಂದು ಬೆರಳು ಚಾಚಿಕೊಂಡು ಬಂದಳು.

"ಮುಟ್ಟಬೇಡ!" ಎಂದು ಕಿರುಚಿ, ಅವಳನ್ನು ತಡೆಯಲು ಕೈ ಎತ್ತಿದೆ.

ಅವಳು ಅಲ್ಲೇ ನಿಂತಳು. ಎರಡೂ ಕೈಯಿಂದ ಕೆನ್ನೆ ಮುಚ್ಚಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಳು. ಎತ್ತಿದ ನನ್ನ ಕೈ ಗಾಳಿಯಲ್ಲಿತ್ತು. ಅದನ್ನು ಇಳಿಸಿ ಅವಳನ್ನು ತಬ್ಬಿಕೊಳ್ಳಬೇಕು, ಬೇರೆ ಯಾವ ಅಪ್ಪನಾದರೂ ಅದನ್ನೇ ಮಾಡುತ್ತಿದ್ದ. ನನ್ನ ಕಿವಿಯಲ್ಲಿ ಹಿಟ್ಟಿತ್ತು. ಎದ್ದು ಹಿತ್ತಲಿಗೆ ಓಡಿದೆ.

ಬಚ್ಚಲ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದೆ. ಸೋಪು ಹಚ್ಚಿ ಕಿವಿ ಕೆಂಪಾಗುವಂತೆ ಉಜ್ಜಿದೆ. ಹೊರಗೆ ಬಾಗಿಲ ಹತ್ತಿರ ಅವಳ ಹೆಜ್ಜೆ ಬಂದು ನಿಂತಿತು. ಸಣ್ಣ ದನಿಯಲ್ಲಿ ಹೇಳಿದಳು.

"ಅಪ್ಪಾ, ಆವತ್ತು ನಾನು ನಿಜವಾಗ್ಲೂ ಏನೂ ತಿಂದಿರಲಿಲ್ಲ."

ಎರಡು ವರ್ಷ ಈ ಮಗು ಇದನ್ನು ಹೊಟ್ಟೆಯಲ್ಲಿಟ್ಟುಕೊಂಡಿತ್ತು. ಡಾಕ್ಟರ ಎದುರು ಕೂತು ಎಲ್ಲ ಕೇಳಿಸಿಕೊಂಡವಳು, ಆದರೂ ನನಗೆ ಇನ್ನೂ ಅನುಮಾನವಿದೆ ಎಂದುಕೊಂಡಿದ್ದಳು. ಯಾಕೆಂದರೆ ಇಲ್ಲವೆಂದು ನಾನು ಹೇಳಿರಲೇ ಇಲ್ಲ. ಗೋಡೆಗೆ ಹಣೆ ಒತ್ತಿಕೊಂಡು, "ಗೊತ್ತಮ್ಮಾ. ನೀನು ತಿಂದಿರಲಿಲ್ಲ. ತಿನ್ನಿಸಿದೋನು ನಾನು. ತಿನ್ನಿಸಿ ಹೊಡೆದೋನೂ ನಾನೇ" ಎಂದೆ.

"ಏನಂದೆ? ನೀರಿನ ಸದ್ದಲ್ಲಿ ಕೇಳಿಸ್ಲಿಲ್ಲ."

ನಲ್ಲಿ ನಿಲ್ಲಿಸಿ, ಪೂರ್ತಿ ಇನ್ನೊಂದು ಸಲ ಹೇಳಿದೆ. ಅಳುತ್ತಿದ್ದಾಳೋ, ಹೋಗಿಬಿಟ್ಟಳೋ, ಒಳಗಿನಿಂದ ಹೇಗೆ ಗೊತ್ತಾಗಬೇಕು? ಒದ್ದೆ ಮೈಯಲ್ಲಿ ಹಾಗೇ ನಿಂತಿದ್ದೆ.

"ಸರಿ, ಬೇಗ ಬಾ. ರೊಟ್ಟಿ ಆರಿಹೋಗುತ್ತೆ" ಎಂದಳು ಆಮೇಲೆ. ಒಂದೆರಡು ಹೆಜ್ಜೆ ಹೋಗಿ ಮತ್ತೆ ತಿರುಗಿ ಬಂದಳು. "ಬಲಗಿವಿ ಅಪ್ಪಾ. ಹಿಂದುಗಡೆ. ಅಲ್ಲಿ ಸರಿಯಾಗಿ ತೊಳ್ಕೋ."

ನಾನು ಸೋಪನ್ನು ಮತ್ತೆ ಕೈಗೆ ತೆಗೆದುಕೊಂಡೆ.